ವಿಶ್ವಾಸಪ್ರಮಾಣದ ನಡುವೆ ನಾನು ನಿಂತೆ, ಸಭೆ ನಿಲ್ಲಲಿಲ್ಲ: ಇದನ್ನು ಹೇಗೆ ತಿಳಿಯಬೇಕು?

ಪ್ರಶ್ನೆ: ಮಂಡಿ ಗುಮಾಸ್ತ, ದಾವಣಗೆರೆ

ಎಲ್ಲರಿಗೂ ವಂದನೆಗಳು. ನಾನು ದಾವಣಗೆರೆಯ ಮೆಕ್ಕೆಜೋಳದ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ನಮ್ಮದು ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆ ಎಂಬ ಕ್ರೈಸ್ತ ಸಭೆಗೆ ಸೇರಿದ ಮನೆತನ. ನಮ್ಮ ಅಯ್ಯನವರಿಗೆ ಸುತ್ತಲಿನ ಮೂರ್ನಾಲ್ಕು ಊರುಗಳ ಹೊಣೆಯೂ ಇರುವುದರಿಂದ, ಅವರು ಬರಲಾಗದ ಭಾನುವಾರಗಳಲ್ಲಿ ಆರಾಧನೆ ನಡೆಸುವ ಸರದಿ ನಮ್ಮಂಥ ನಾಲ್ಕೈದು ಜನರ ಮೇಲೆ ಬೀಳುತ್ತದೆ. ಹೋದ ತಿಂಗಳು ಆ ಸರದಿ ನನ್ನದಾಗಿತ್ತು. ಅದಕ್ಕೆ ಒಂಬತ್ತು ದಿನ ಮುಂಚೆ ನನ್ನ ತಮ್ಮನನ್ನು ಮಣ್ಣು ಮಾಡಿ ಬಂದಿದ್ದೆವು. ಸರದಿಯನ್ನು ಬೇರೆಯವರಿಗೆ ಒಪ್ಪಿಸಬಹುದಿತ್ತು, ಒಪ್ಪಿಸಲಿಲ್ಲ.

ನಮ್ಮ ನಂಬಿಕೆ ಏನೆಂಬುದನ್ನು ಸಭೆಯೆಲ್ಲ ಒಟ್ಟಾಗಿ ಹೇಳುವ ಅಪೊಸ್ತಲರ ವಿಶ್ವಾಸಪ್ರಮಾಣಕ್ಕೆ ಎಲ್ಲರೂ ಎದ್ದು ನಿಂತರು, ನಾನು ಆರಂಭಿಸಿದೆ. ಆತನು ಸತ್ತು, ಹೂಣಲ್ಪಟ್ಟು, ಪಾತಾಳಕ್ಕೆ ಇಳಿದನೆಂಬ ಮಾತಿಗೆ ಬಂದಾಗ ನನ್ನ ದನಿ ನಿಂತುಹೋಯಿತು. ಅಳು ಬಂದದ್ದಲ್ಲ. ನಲವತ್ತು ವರ್ಷಗಳಿಂದ ಹೇಳುತ್ತ ಬಂದ ಈ ಮಾತು ಏನನ್ನು ಹೇಳುತ್ತಿದೆ ಎಂಬುದೇ ನನಗೆ ಗೊತ್ತಿಲ್ಲವೆಂದು ಆ ಕ್ಷಣದಲ್ಲಿ ಹೊಳೆಯಿತು. ನಾನು ನಿಂತೆ, ಸಭೆ ನಿಲ್ಲಲಿಲ್ಲ. ಹಿಂದಿನಿಂದ ಯಾರೋ ದನಿಯೇರಿಸಿದರು, ಉಳಿದವರು ಅದನ್ನು ಹಿಡಿದುಕೊಂಡು ಹೋದರು, ಕಡೆಗೆ "ಆಮೆನ್" ಎನ್ನುವಾಗ ನಾನೂ ಸೇರಿಕೊಂಡೆ.

ಇಂಜಿನಿಯರಿಂಗ್ ಓದುತ್ತಿರುವ ನನ್ನ ಮಗ ಈಚೆಗೆ ಗೆಳೆಯರ ಜೊತೆ ಬೇರೊಂದು ಪ್ರಾರ್ಥನಾ ಸಹವಾಸಕ್ಕೆ ಹೋಗುತ್ತಾನೆ. ಅಲ್ಲಿ ವಿಶ್ವಾಸಪ್ರಮಾಣವನ್ನು ಹೇಳುವ ಪದ್ಧತಿ ಇಲ್ಲ. ಆ ಭಾನುವಾರ ನನ್ನ ಸಲುವಾಗಿ ನಮ್ಮ ಸಭೆಗೆ ಬಂದಿದ್ದವನು ಮನೆಗೆ ಬಂದ ಮೇಲೆ ಕೇಳಿದ: "ನಡೆಸುವವರು ನಿಂತರೂ ಅದು ತಾನಾಗಿ ನಡೆದುಕೊಂಡು ಹೋಗುತ್ತದೆ ಅಂದರೆ, ಅದು ಯಂತ್ರ ಅಲ್ಲವೇನಪ್ಪ?" ನನಗೆ ಉತ್ತರ ತೋಚಲಿಲ್ಲ.

ಆದ್ದರಿಂದ ತಿಳಿದವರನ್ನು ಕೇಳುತ್ತಿದ್ದೇನೆ. ಈ ಪ್ರಮಾಣವನ್ನು ನಿಜವಾಗಿ ಯಾರು, ಯಾಕೆ ಮಾಡಿದರು? ಒಂದು ಸಾಲು ಮನಸ್ಸಿಗೆ ಒಪ್ಪದೆ ಇರುವಾಗ, ಅಥವಾ ಅರ್ಥವೇ ಆಗದೆ ಇರುವಾಗ, ಅದನ್ನು ಎಲ್ಲರ ಮುಂದೆ "ನಂಬುತ್ತೇನೆ" ಎಂದು ಹೇಳುವುದು ಪ್ರಾಮಾಣಿಕವೇ? ಮನೆಯಲ್ಲಿ ಸಂಜೆ ಹೊತ್ತು ಹೇಳುವ, ಯೇಸು ಕಲಿಸಿದ ಕರ್ತನ ಪ್ರಾರ್ಥನೆಗೂ ಇದೇ ಮಾತು ಅನ್ವಯಿಸುತ್ತದೆಯೇ? ತಮ್ಮ ಹೋದ ಮೇಲೆ ನಮ್ಮ ಮನೆಯ ಸಂಜೆಪ್ರಾರ್ಥನೆ ನಿಂತೇ ಹೋಗಿದೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ಉತ್ತರ: ಕೋಟೆ ಊರಿನ ಮೇಷ್ಟ್ರು, ಚಿತ್ರದುರ್ಗ

ನಿಮ್ಮ ತಮ್ಮನವರನ್ನು ಕಳೆದುಕೊಂಡ ಸುದ್ದಿ ಓದಿ ನೋವಾಯಿತು. ನಾನು ಕನ್ನಡ ಪಾಠ ಹೇಳಿ ನಿವೃತ್ತನಾದವನು. ನಮ್ಮ ಸಭೆಯಲ್ಲಿ ದೃಢೀಕರಣಕ್ಕೆ, ಅಂದರೆ ದೀಕ್ಷಾಸ್ನಾನದ ನಂಬಿಕೆಯನ್ನು ತಾವೇ ಒಪ್ಪಿಕೊಳ್ಳುವ ವಿಧಿಗೆ, ಸಿದ್ಧರಾಗುವ ಮಕ್ಕಳಿಗೆ ಬಹಳ ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಮಕ್ಕಳು ಈ ಪ್ರಶ್ನೆಗಳನ್ನು ಕೇಳುತ್ತಾರೆ. ದೊಡ್ಡವರು ಕೇಳುವುದು ಕಡಿಮೆ. ಉತ್ತರ ಉದ್ದವಾದೀತು, ಸಹಿಸಿಕೊಳ್ಳಿ.

ಯೇಸುವಿನ ಶಿಷ್ಯರಾದ ಹನ್ನೆರಡು ಮಂದಿ ಅಪೊಸ್ತಲರು ಬೇರೆ ಬೇರೆ ದೇಶಗಳಿಗೆ ಹೊರಡುವ ಮುಂಚೆ ಒಂದೆಡೆ ಕೂತು ಈ ಪ್ರಮಾಣವನ್ನು ರಚಿಸಿದರೆಂಬ ಕಥೆ ಬಹಳ ಹಳೆಯದು. ಇಟಲಿಯ ಅಕ್ವಿಲೇಯದ ರುಫೀನಸ್ ಎಂಬ ಪಂಡಿತ 5ನೇ ಶತಮಾನದ ಆರಂಭದಲ್ಲೇ ಅದನ್ನು ಹಿರಿಯರಿಂದ ಬಂದ ಮಾತೆಂದು ಬರೆದಿಟ್ಟಿದ್ದಾನೆ. ಕಥೆ ಚೆನ್ನಾಗಿದೆ, ಆದರೆ ನಡೆದದ್ದು ಹಾಗಲ್ಲ. ದೀಕ್ಷಾಸ್ನಾನ ಪಡೆಯುವವನನ್ನು ನೀರಿನಲ್ಲಿ ನಿಲ್ಲಿಸಿ, ತಂದೆಯಾದ ದೇವರನ್ನು ನಂಬುತ್ತೀಯೋ, ಮಗನಾದ ಯೇಸು ಕ್ರಿಸ್ತನನ್ನು ನಂಬುತ್ತೀಯೋ, ಪರಿಶುದ್ಧಾತ್ಮನನ್ನು ನಂಬುತ್ತೀಯೋ ಎಂದು ಮೂರು ಸಲ ಕೇಳುತ್ತಿದ್ದರು. ಅವನು ಮೂರು ಸಲ "ನಂಬುತ್ತೇನೆ" ಎಂದು ಹೇಳಿ ಮೂರು ಸಲ ಮುಳುಗೇಳುತ್ತಿದ್ದ. ಈ ಪ್ರಶ್ನೋತ್ತರವೇ ಬೆಳೆದು ರೋಮ್ ಸಭೆಯ ಹಳೆಯ ಪ್ರಮಾಣವಾಯಿತು. ನಾವು ಈಗ ಹೇಳುವ ಪೂರ್ಣಪಾಠಕ್ಕೆ ಈ ರೂಪ ಬಂದದ್ದು 8ನೇ ಶತಮಾನದ ಹೊತ್ತಿಗೆ. ಹಾಗಾಗಿ ಅದರ ಮೊದಲ ಮಾತು "ನಂಬುತ್ತೇವೆ" ಅಲ್ಲ, "ನಂಬುತ್ತೇನೆ". ನೀರಿನಲ್ಲಿ ನಿಂತವನು ಒಬ್ಬನೇ.

"ನಂಬು" ಎಂಬ ನಮ್ಮ ಮಾತನ್ನೂ ಸ್ವಲ್ಪ ನೋಡಿ. ಮಂಡಿಯಲ್ಲಿರುವ ನಿಮಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. "ನಾಳೆ ಮಳೆ ಬರುತ್ತದೆಂದು ನಂಬಿದ್ದೇನೆ" ಎನ್ನುವುದು ಒಂದು ಬಗೆ. "ಅವರನ್ನು ನಂಬಿ ಮಾಲು ಬಿಟ್ಟೆ" ಎನ್ನುವುದು ಮತ್ತೊಂದು ಬಗೆ. ಮೊದಲನೆಯದರಲ್ಲಿ ಇರುವುದು ಅಭಿಪ್ರಾಯ, ಎರಡನೆಯದರಲ್ಲಿ ಇರುವುದು ಎದುರಿಗಿರುವ ವ್ಯಕ್ತಿ ಮತ್ತು ನಮ್ಮ ಮಾಲು. ಲ್ಯಾಟಿನ್ ಪಾಠದಲ್ಲಿಯೂ ತಂದೆ, ಮಗ, ಪರಿಶುದ್ಧಾತ್ಮರ ಹೆಸರಿನ ಹಿಂದೆ ಇರುವ ಒಂದು ಚಿಕ್ಕ ವಿಭಕ್ತಿಸೂಚಕ ಪದ, ಸಭೆ, ಪಾಪಕ್ಷಮೆ ಮುಂತಾದವುಗಳಿಗೆ ಬರುವಾಗ ಇಲ್ಲವೆಂಬುದನ್ನು ಅದೇ ರುಫೀನಸ್ ಎತ್ತಿ ತೋರಿಸಿದ್ದಾನೆ. ದೇವರನ್ನು ನಂಬುತ್ತೇವೆ, ಸಭೆಯೊಂದು ಉಂಟೆಂದು ನಂಬುತ್ತೇವೆ. ಎರಡೂ ಒಂದೇ ತೂಕದವಲ್ಲ. ನನ್ನಂಥ ವ್ಯಾಕರಣದ ಮೇಷ್ಟ್ರಿಗೆ ಇದು ಬಹಳ ಪ್ರಿಯವಾದ ಜಾಗ, ಆದ್ದರಿಂದ ಸ್ವಲ್ಪ ಎಳೆದೆ.

ಈಗ ನಿಮ್ಮನ್ನು ನಿಲ್ಲಿಸಿದ ಸಾಲಿಗೆ ಬರೋಣ. ಪಾತಾಳಕ್ಕೆ ಇಳಿದನೆಂಬ ಮಾತು ರೋಮ್‌ನ ಹಳೆಯ ಪ್ರಮಾಣದಲ್ಲಿ ಇರಲಿಲ್ಲ. ರುಫೀನಸ್ ತನ್ನ ಊರಿನ ಪ್ರಮಾಣದಲ್ಲಿ ಇದೆ, ರೋಮ್‌ನದರಲ್ಲಿ ಇಲ್ಲ ಎಂದು ತಾನೇ ಹೇಳುತ್ತಾನೆ, ಹೂಣಲ್ಪಟ್ಟನು ಎಂಬುದರ ಅರ್ಥವೇ ಇದರಲ್ಲೂ ಇದೆ ಎನ್ನುತ್ತಾನೆ. ಇಂಗ್ಲಿಷಿನಲ್ಲಿ ಇದನ್ನು ನರಕ ಎಂಬರ್ಥದ ಪದದಿಂದ ಅನುವಾದಿಸಿದ್ದರಿಂದ ಅಲ್ಲಿಯವರಿಗೆ ತೊಡಕಾಯಿತು. ಅಮೆರಿಕದ ಮೆಥಡಿಸ್ಟರು ಬಹುಕಾಲ ಆ ಸಾಲನ್ನು ಬಿಟ್ಟೇ ಹೇಳುತ್ತಿದ್ದರು. ಕನ್ನಡದಲ್ಲಿ ಆ ತೊಡಕು ಅಷ್ಟಿಲ್ಲ. ನಮ್ಮ ಹಳೆಯ ಬೈಬಲ್ ಅನುವಾದದಲ್ಲಿ ಪಾತಾಳವೆಂದರೆ ಶಿಕ್ಷೆಯ ಬೆಂಕಿಯಲ್ಲ, ಸತ್ತವರೆಲ್ಲರೂ ಸೇರುವ ಸ್ಥಳ. ಒಳ್ಳೆಯ ಯಾಕೋಬನೂ ತನ್ನ ಮಗನಿಗಾಗಿ ದುಃಖಿಸುತ್ತ ಪಾತಾಳಕ್ಕೇ ಇಳಿಯುವೆನೆಂದು ಹೇಳುತ್ತಾನೆ. ಹೀಗಿರುವಾಗ ಆ ಸಾಲು ಹೇಳುವುದು ಇಷ್ಟು: ಕ್ರಿಸ್ತನು ಸತ್ತಂತೆ ತೋರಲಿಲ್ಲ, ಸತ್ತನು, ಸತ್ತವರು ಎಲ್ಲಿಗೆ ಹೋಗುತ್ತಾರೋ ಅಲ್ಲಿಗೇ ಹೋದನು. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಪುನರುತ್ಥಾನದ ಚಿತ್ರ ಬರೆಯುವಾಗ ಖಾಲಿ ಸಮಾಧಿಗಿಂತ ಹೆಚ್ಚಾಗಿ ಇದನ್ನೇ ಬರೆಯುತ್ತವೆ. ಇಸ್ತಾಂಬುಲ್‌ನ ಖೋರಾ ದೇವಾಲಯದಲ್ಲಿ 14ನೇ ಶತಮಾನದ ಅಂಥದೊಂದು ಭಿತ್ತಿಚಿತ್ರವಿದೆ. ಬಾಗಿಲುಗಳು ಮುರಿದು ಕೆಳಗೆ ಬಿದ್ದಿವೆ, ಬೀಗ, ಚಿಲಕಗಳು ಚೆಲ್ಲಾಪಿಲ್ಲಿಯಾಗಿವೆ, ಕ್ರಿಸ್ತನು ಒಂದು ಕೈಯಲ್ಲಿ ಆದಾಮನನ್ನೂ ಇನ್ನೊಂದು ಕೈಯಲ್ಲಿ ಹವ್ವಳನ್ನೂ ಗೋರಿಯಿಂದ ಎಳೆದೆತ್ತುತ್ತಿದ್ದಾನೆ. ಅಂಗೈ ಹಿಡಿದಿಲ್ಲ, ಮಣಿಕಟ್ಟು ಹಿಡಿದಿದ್ದಾನೆ. ಸತ್ತವರು ತಾವಾಗಿ ಏನನ್ನೂ ಹಿಡಿದುಕೊಳ್ಳಲಾರರಲ್ಲ.

ತಮ್ಮನನ್ನು ಮಣ್ಣು ಮಾಡಿದ ಒಂಬತ್ತನೆಯ ದಿನ ನೀವು ಆ ಸಾಲಿನಲ್ಲಿ ನಿಂತದ್ದು ನನಗೆ ವಿಚಿತ್ರವಾಗಿ ಕಾಣಲಿಲ್ಲ. ಇಡೀ ಪ್ರಮಾಣದಲ್ಲಿ ಅವರು ಈಗಿರುವ ಜಾಗದ ಬಗ್ಗೆ ಮಾತಾಡುವ ಸಾಲು ಅದೊಂದೇ.

ನಮ್ಮ ಸಭೆಗಳಲ್ಲಿ ಹೇಳುವ ಇನ್ನೊಂದು ಪ್ರಮಾಣವಾದ ನೈಸಿಯಾದ ಪ್ರಮಾಣದ ಹಿನ್ನೆಲೆ ಬೇರೆ. ಅಲೆಕ್ಸಾಂಡ್ರಿಯದ ಅರಿಯಸ್ ಎಂಬ ಹಿರಿಯನು, ಮಗನು ದೇವರಿಂದ ಸೃಷ್ಟಿಯಾದವನು, ಎಲ್ಲ ಸೃಷ್ಟಿಗಿಂತ ಮೇಲಿನವನಾದರೂ ಸೃಷ್ಟಿಯೇ ಎಂದು ಕಲಿಸಿದ. ಅದರಿಂದ ಎದ್ದ ಜಗಳವನ್ನು ತೀರಿಸಲು ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ ಬಿಷಪ್ಪರನ್ನು ನೈಸಿಯಾದಲ್ಲಿ ಸೇರಿಸಿದ. ಮಗನು ತಂದೆಯೊಂದಿಗೆ ಒಂದೇ ತತ್ವವುಳ್ಳವನು ಎಂಬ ಮಾತು ಅಲ್ಲಿ ಸೇರಿತು. 381ರಲ್ಲಿ ಕಾನ್‌ಸ್ಟಾಂಟಿನೋಪಲ್ ಸಮ್ಮೇಳನದೊಂದಿಗೆ ಹೆಸರು ಸೇರಿಕೊಂಡಿರುವ ವಿಸ್ತೃತ ರೂಪವನ್ನು ನಾವು ಕರ್ತನ ಭೋಜನದ ಆರಾಧನೆಯಲ್ಲಿ ಹೇಳುತ್ತೇವೆ. ಇದು ಅರಸರ, ಪಂಡಿತರ ವಾದವೆಂದು ಅನೇಕರು ತಳ್ಳಿಹಾಕುತ್ತಾರೆ. ನಾನೂ ಹಿಂದೆ ಹಾಗೆಯೇ ತಿಳಿದಿದ್ದೆ. ಆದರೆ ಅರಿಯಸ್‌ನನ್ನು ಎದುರಿಸಿದ ಅಥನೇಸಿಯಸ್‌ನ ವಾದಗಳಲ್ಲಿ ಒಂದು ಬಹಳ ಸರಳವಾದದ್ದು: ಕ್ರೈಸ್ತರು ಯೇಸುವಿಗೆ ಪ್ರಾರ್ಥನೆ ಮಾಡುತ್ತಾರೆ, ಆತನನ್ನು ಆರಾಧಿಸುತ್ತಾರೆ, ಆತನು ಸೃಷ್ಟಿಯಾಗಿದ್ದರೆ ನಾವು ಮಾಡುತ್ತಿರುವುದು ಸೃಷ್ಟಿಯ ಪೂಜೆಯಾಗುತ್ತದೆ. ಪ್ರಾರ್ಥನೆ ಮೊದಲೇ ಇತ್ತು. ಅದು ಕೊಚ್ಚಿಹೋಗದಿರಲೆಂದು ಪ್ರಮಾಣ ಬಂತು. ನಮ್ಮ ತಂದೆಯವರಿಗೆ ಚಳ್ಳಕೆರೆ ಕಡೆ ಎರಡು ಎಕರೆ ಕೆಂಪುಮಣ್ಣಿನ ಹೊಲವಿತ್ತು. ಬದುವಿನ ಮೇಲೆ ಯಾರೂ ಶೇಂಗಾ ಬೆಳೆಯುವುದಿಲ್ಲ, ಆದರೆ ಬದು ಒಡೆದ ವರ್ಷ ಒಂದೇ ಮಳೆಗೆ ಮೇಲ್ಮಣ್ಣು ಹಳ್ಳಕ್ಕೆ ಸೇರಿತ್ತು.

ಪ್ರಾಮಾಣಿಕತೆಯ ಪ್ರಶ್ನೆಗೆ ನಮ್ಮ ಸಭೆಯೇ ಉತ್ತರ ಕೊಟ್ಟಿದೆ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ಒಂದುಗೂಡಿದ ಆಂಗ್ಲಿಕನ್, ಮೆಥಡಿಸ್ಟ್, ಕಾಂಗ್ರಿಗೇಷನಲ್, ಪ್ರೆಸ್ಬಿಟೇರಿಯನ್ ಪರಂಪರೆಗಳಿಗೆ ಪ್ರಮಾಣಗಳ ಬಗ್ಗೆ ಒಂದೇ ಅಭಿಪ್ರಾಯವಿರಲಿಲ್ಲ. ಆದ್ದರಿಂದ ಅಪೊಸ್ತಲರ ಮತ್ತು ನೈಸಿಯಾದ ಪ್ರಮಾಣಗಳನ್ನು ನಂಬಿಕೆಗೆ ಸಾಕ್ಷಿಯಾಗಿಯೂ ಕಾವಲಾಗಿಯೂ ಒಪ್ಪಿಕೊಂಡು, ಜೊತೆಗೇ ಅವುಗಳ ಒಂದೊಂದು ಪದಕ್ಕೂ ಪ್ರತಿಯೊಬ್ಬ ವ್ಯಕ್ತಿಯ ಒಪ್ಪಿಗೆಯನ್ನು ಕೇಳುವ, ಅಥವಾ ಯುಕ್ತವಾದ ಅರ್ಥವಿವರಣೆಯ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವ ಉದ್ದೇಶ ತಮಗಿಲ್ಲವೆಂದು ಬರೆದರು. ನೀವು ಆ ಸಾಲಿನಲ್ಲಿ ಸುಮ್ಮನಿದ್ದದ್ದು ಸುಳ್ಳೂ ಅಲ್ಲ, ದ್ರೋಹವೂ ಅಲ್ಲ.

ಉತ್ತರ: ಸಹವಾಸದ ವಿಶ್ವಾಸಿ, ದಾವಣಗೆರೆ

ಅಣ್ಣನವರೇ, ಮೇಷ್ಟ್ರೇ, ನಾನು ನಿಮ್ಮ ಮಗ ಹೋಗುವಂಥ ಒಂದು ಸಹವಾಸಕ್ಕೆ ಸೇರಿದವನು. ನಿಮ್ಮ ದುಃಖದಲ್ಲಿ ವಾದ ಮಾಡಲು ಮನಸ್ಸಿಲ್ಲ, ಆದರೆ ನಿಮ್ಮ ಮಗನ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು ಎಂಬುದಕ್ಕಾಗಿ ಬರೆಯುತ್ತಿದ್ದೇನೆ.

ಪ್ರಮಾಣದಲ್ಲಿರುವ ವಿಷಯಗಳನ್ನು ನಾವೂ ನಂಬುತ್ತೇವೆ. ಅದರ ವಿರುದ್ಧ ನಮ್ಮಲ್ಲಿ ಯಾರೂ ಬೋಧಿಸುವುದಿಲ್ಲ. ನಮ್ಮ ಅಡ್ಡಿ ಇರುವುದು ವಿಷಯಕ್ಕಲ್ಲ, ರೂಢಿಗೆ. ಪ್ರಾರ್ಥನೆಯಲ್ಲಿ ಹೇಳಿದ್ದನ್ನೇ ಸುಮ್ಮನೆ ಹೇಳಬೇಡಿರೆಂದು ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸುವೇ ಹೇಳಿದ್ದಾನೆ. ನಾನು ಇಪ್ಪತ್ತು ವರ್ಷ ಒಂದು ಹಳೆಯ ಸಭೆಯಲ್ಲಿ ಬೆಳೆದವನು. ವಿಶ್ವಾಸಪ್ರಮಾಣ ಹೇಳುತ್ತಲೇ ಪಕ್ಕದವನ ಕೈಗಡಿಯಾರ ನೋಡಿ ಆರಾಧನೆ ಎಷ್ಟು ಹೊತ್ತಿಗೆ ಮುಗಿದೀತೆಂದು ಲೆಕ್ಕ ಹಾಕುವ ಕೌಶಲ ನನಗಿತ್ತು. ಒಂದು ಪದವೂ ತಪ್ಪುತ್ತಿರಲಿಲ್ಲ. ತಪ್ಪದಿದ್ದದ್ದೇ ನನ್ನನ್ನು ಹೆದರಿಸಿತು. ನನ್ನ ಸ್ವಂತ ಮಾತಿನಲ್ಲಿ, ಮಾತು ತಡವರಿಸಿದರೂ ಸರಿ, ದೇವರ ಸಂಗಡ ಮಾತಾಡಬೇಕೆಂಬ ಆಸೆಯಿಂದ ನಾನು ಅಲ್ಲಿಂದ ಹೊರಟೆ. ನಿಮ್ಮ ಮಗನೂ ಅದನ್ನೇ ಹುಡುಕುತ್ತಿರಬಹುದು.

ಉತ್ತರ: ಹರಿಹರದ ಸೊಸೆ

ನಾನು ಸಿ.ಎಸ್.ಐ. ಮನೆಯಲ್ಲಿ ಹುಟ್ಟಿ ಹರಿಹರದ ಕಥೋಲಿಕ ಮನೆಗೆ ಸೊಸೆಯಾಗಿ ಬಂದವಳು. ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೇನೆ. ಅಣ್ಣನವರು ನಡುವೆ ನಿಂತರಲ್ಲ, ನನ್ನದು ಅದಕ್ಕೆ ತಿರುಗುಮುರುಗಾದ ಅನುಭವ, ಅದಕ್ಕೇ ಬರೆಯುತ್ತಿದ್ದೇನೆ.

ಮದುವೆಯಾಗಿ ಬಂದ ಮೊದಲ ಸಂಜೆ ಮನೆಮಂದಿಯೆಲ್ಲ ದೇವರ ಪಟದ ಮುಂದೆ ಕೂತು ಪ್ರಾರ್ಥನೆ ಮಾಡಿದರು. ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆ ಬಂತು. ನನಗೆ ಇದೊಂದಾದರೂ ಗೊತ್ತಲ್ಲ ಎಂದು ಧೈರ್ಯವಾಗಿ ದನಿ ಸೇರಿಸಿದೆ. ಅವರು "ನಿಮ್ಮ ನಾಮ" ಎನ್ನುವಾಗ ನಾನು "ನಿನ್ನ ನಾಮವು" ಎನ್ನುತ್ತಿದ್ದೆ. ಅವರು "ಸ್ವರ್ಗ" ಎಂದರೆ ನಾನು "ಪರಲೋಕ" ಎನ್ನುತ್ತಿದ್ದೆ. ಅಷ್ಟಾದರೆ ಹೇಗೋ ನಡೆಯುತ್ತಿತ್ತು. ಕೇಡಿನಿಂದ ತಪ್ಪಿಸು ಎಂಬಲ್ಲಿ ಎಲ್ಲರೂ "ಆಮೆನ್" ಹೇಳಿ ನಿಲ್ಲಿಸಿದರು. ನಾನೊಬ್ಬಳು ರಾಜ್ಯವೂ ಬಲವೂ ಮಹಿಮೆಯೂ ಎಂದು ಮುಂದುವರಿಸಿಕೊಂಡು ಹೋದೆ. ಸಣ್ಣ ಮೈದುನ ನಕ್ಕ. ಅತ್ತೆಯವರು ನಗಲಿಲ್ಲ, ನಾನು ಮುಗಿಸುವವರೆಗೆ ಕಾದರು. ಆಮೇಲೆ ಅಡುಗೆಮನೆಯಲ್ಲಿ ಮೆಲ್ಲಗೆ, "ನಿಮ್ಮ ಕಡೆ ದೇವರಿಗೆ ಏಕವಚನವೇನಮ್ಮಾ?" ಎಂದು ಕೇಳಿದರು. "ಅವ್ವನಿಗೆ ನಾವು ನೀನು ಅಂತೀವಲ್ಲ ಅತ್ತೆ, ಹಾಗೆ" ಎಂದೆ. ಅವರು ಸ್ವಲ್ಪ ಯೋಚಿಸಿ, "ಅಪ್ಪನಿಗೆ ನೀವು ಅಂತೀವಲ್ಲ" ಎಂದರು. ಇಬ್ಬರದೂ ಸರಿಯಿತ್ತು. ಆ ಚರ್ಚೆ ಇಂದಿಗೂ ತೀರ್ಮಾನವಾಗಿಲ್ಲ.

ನಾನು ಒಂಟಿಯಾಗಿ ಹೇಳಿದ ಆ ಕೊನೆಯ ಸಾಲು ಮತ್ತಾಯನ ಸುವಾರ್ತೆಯ ಅತಿ ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲವೆಂದು ಆಮೇಲೆ ನಮ್ಮ ಗುರುಗಳಿಂದ ತಿಳಿಯಿತು. ಆದರೆ ಅದು ಯಾರೋ ಈಚೆಗೆ ಅಂಟಿಸಿದ್ದೂ ಅಲ್ಲವಂತೆ. "ಡಿಡಕೆ" ಎಂಬ, ಅಪೊಸ್ತಲರ ಕಾಲಕ್ಕೆ ಸಮೀಪದ ಒಂದು ಪುಟ್ಟ ಗ್ರಂಥದಲ್ಲಿ ಅದರ ಚಿಕ್ಕ ರೂಪ ಆಗಲೇ ಇದೆ. ಈ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಿರೆಂದೂ ಅದೇ ಗ್ರಂಥದಲ್ಲಿದೆ. ನಮ್ಮ ಪೂಜೆಯಲ್ಲಿಯೂ ಆ ಮಾತು ಸ್ವಲ್ಪ ತಡೆದು, ಗುರುಗಳ ಒಂದು ಪ್ರಾರ್ಥನೆಯಾದ ಮೇಲೆ ಬರುತ್ತದೆ.

ಸಹವಾಸದ ಸಹೋದರರು ಹೇಳಿದ ಕೈಗಡಿಯಾರದ ಕಥೆಯನ್ನು ನಾನು ಅಲ್ಲಗಳೆಯಲಾರೆ. ನನ್ನ ಜಪಸರ ಬಹುತೇಕ ಬಸ್ಸಿನಲ್ಲೇ ಆಗುತ್ತದೆ. ಹರಿಹರದ ನಿಲ್ದಾಣ ಬಿಟ್ಟಾಗ ವಿಶ್ವಾಸಪ್ರಮಾಣದಿಂದ ಆರಂಭಿಸಿದರೆ, ಐವತ್ತು ಮಣಿ ಮುಗಿಯುವ ಹೊತ್ತಿಗೆ ದಾವಣಗೆರೆ ಬಂದಿರುತ್ತದೆ. ಆ ಐವತ್ತರಲ್ಲಿ ಮನಸ್ಸಿಟ್ಟು ಹೇಳಿದ್ದು ಎಷ್ಟು ಎಂದು ಯಾರಾದರೂ ಕೇಳಿದರೆ ಹತ್ತು ಎಂದು ಹೇಳಲೂ ಅಳುಕಾಗುತ್ತದೆ. ಕಂಡಕ್ಟರು ಚಿಲ್ಲರೆ ಕೇಳುತ್ತಾರೆ, ಪಕ್ಕದವರು ಕಿಟಕಿ ಮುಚ್ಚಿ ಎನ್ನುತ್ತಾರೆ. ಆದರೂ ಒಂದು ಸಂಗತಿ ಕಂಡಿದ್ದೇನೆ. ರಾತ್ರಿಪಾಳಿಯಲ್ಲಿ ಒಬ್ಬ ರೋಗಿ ತೀರಿಕೊಂಡ ಮೇಲೆ, ಅವರ ಮನೆಯವರು ಬರುವವರೆಗೆ ಹಾಸಿಗೆಯ ಪಕ್ಕ ನಿಲ್ಲಬೇಕಾಗುತ್ತದೆ. ಆಗ ನನ್ನ ಸ್ವಂತದ್ದೆಂದು ಒಂದು ವಾಕ್ಯವೂ ಹುಟ್ಟುವುದಿಲ್ಲ. ಬಾಯಿಗೆ ಬರುವುದು ಬಸ್ಸಿನಲ್ಲಿ ಅರೆಮನಸ್ಸಿನಿಂದ ಹೇಳಿದ ಆ ಮಾತುಗಳೇ. ಜಪಸರದ ಮರಿಯಮ್ಮನವರ ಪ್ರಾರ್ಥನೆಯಲ್ಲಿ ಬರುವ "ನಮ್ಮ ಮರಣದ ಸಮಯದಲ್ಲಿಯೂ" ಎಂಬ ಮಾತು ಅಲ್ಲಿ ಅರೆಮನಸ್ಸಿನದಾಗಿರುವುದಿಲ್ಲ.

"ಅನುದಿನದ ಆಹಾರ" ಎಂಬಲ್ಲಿರುವ ಗ್ರೀಕ್ ಪದ ಬೇರೆಲ್ಲೂ ಖಚಿತವಾಗಿ ಸಿಗುವುದಿಲ್ಲವೆಂದೂ, ಅದು ಇಂದಿನ ಆಹಾರವೋ, ನಾಳೆಯದೋ, ಬದುಕಿಗೆ ಬೇಕಾದಷ್ಟೋ ಎಂದು ಪಂಡಿತರು ಇನ್ನೂ ವಾದಿಸುತ್ತಾರೆಂದೂ ಕೇಳಿದ್ದೇನೆ. ಎರಡು ಸಾವಿರ ವರ್ಷ ದಿನವೂ ಹೇಳಿದ ಪ್ರಾರ್ಥನೆಯ ನಟ್ಟನಡುವೆ ಯಾರಿಗೂ ಪೂರ್ತಿ ಗೊತ್ತಿಲ್ಲದ ಒಂದು ಪದವಿದೆ ಎಂಬುದು, ಅಣ್ಣನವರ ಪಾತಾಳದ ಸಾಲಿನ ಹಿನ್ನೆಲೆಯಲ್ಲಿ, ನನಗೇಕೋ ಸಮಾಧಾನ ಕೊಟ್ಟಿತು.

ಉತ್ತರ: ಪಕ್ಕದ ಮನೆಯವ, ಹೊಳಲ್ಕೆರೆ

ನಾನು ಕ್ರೈಸ್ತನಲ್ಲ, ಲಿಂಗವಂತ. ದಿನವೂ ಬೆಳಿಗ್ಗೆ ಇಷ್ಟಲಿಂಗ ಪೂಜೆ ಮಾಡುವವನಾದ್ದರಿಂದ ನಿತ್ಯದ ಪ್ರಾರ್ಥನೆ ಯಾಕೆ ಎಂಬುದು ನನಗೆ ಕೇಳಬೇಕಾದ ಪ್ರಶ್ನೆಯಾಗಿ ಕಾಣುವುದಿಲ್ಲ. ಮನಸ್ಸು ಅತ್ತಿತ್ತ ಓಡಿದರೂ ಅಂಗೈ ಮೇಲೆ ಲಿಂಗವಂತೂ ಇರುತ್ತದೆ. ನನಗೆ ಅರ್ಥವಾಗದ್ದು ಬೇರೊಂದು. ನಿಮ್ಮ ಪ್ರಮಾಣವನ್ನು ಒಂದು ಮದುವೆಯಲ್ಲಿ ಕೇಳಿದ್ದೇನೆ. ಅದರಲ್ಲಿ ಪಿಲಾತನೆಂಬ ಅಧಿಕಾರಿಯ ಹೆಸರು ಬರುತ್ತದೆ. ಯೇಸುವನ್ನು ಕೊಲ್ಲಿಸಿದವನ ಹೆಸರನ್ನು ನಂಬಿಕೆಯ ಮಾತಿನೊಳಗೆ ಇಟ್ಟುಕೊಂಡು ದಿನವೂ ಹೇಳುವುದೇಕೆ? ಶರಣರ ಕಥೆ ಹೇಳುವಾಗ ಬಿಜ್ಜಳನ ಹೆಸರು ಬಂದೇ ಬರುತ್ತದೆ, ಆದರೆ ಪೂಜೆಗೆ ಕೂತಾಗ ನಾವು ಬಿಜ್ಜಳನನ್ನು ನೆನೆಯುವುದಿಲ್ಲ.

ಉತ್ತರ: ಕೋಟೆ ಊರಿನ ಮೇಷ್ಟ್ರು, ಚಿತ್ರದುರ್ಗ

ಹೊಳಲ್ಕೆರೆಯವರ ಪ್ರಶ್ನೆಯನ್ನು ನಮ್ಮ ಪಾಠದ ಮಕ್ಕಳು ಯಾರೂ ಇದುವರೆಗೆ ಕೇಳಿಲ್ಲ, ಕೇಳಬೇಕಾಗಿತ್ತು. ಪ್ರಮಾಣದಲ್ಲಿ ಯೇಸುವನ್ನು ಬಿಟ್ಟರೆ ಬರುವ ಮನುಷ್ಯರ ಹೆಸರುಗಳು ಎರಡೇ: ಒಬ್ಬಳು ಆತನನ್ನು ಹೆತ್ತ ಮರಿಯ, ಇನ್ನೊಬ್ಬ ಆತನ ಮರಣದಂಡನೆಗೆ ಅಪ್ಪಣೆ ಕೊಟ್ಟ ಪಿಲಾತ. ಹುಟ್ಟಿಗೆ ಒಬ್ಬ ಸಾಕ್ಷಿ, ಸಾವಿಗೆ ಒಬ್ಬ ಸಾಕ್ಷಿ. ಪಿಲಾತನನ್ನು ಸೇರಿಸಿದ್ದು ಗೌರವಕ್ಕಲ್ಲ, ತಾರೀಖಿಗೆ. ಅವನು ಯೂದಾಯದ ರೋಮನ್ ಅಧಿಪತಿಯಾಗಿದ್ದದ್ದು ಕ್ರಿ.ಶ. 26ರಿಂದ 36ರವರೆಗೆ. ನಾವು ಹಳೆಯ ಕಾಗದಪತ್ರದಲ್ಲಿ ಇಂಥ ಅಮಲ್ದಾರರ ಕಾಲದಲ್ಲಿ ನಡೆದದ್ದು ಎಂದು ಬರೆದಂತೆ ಅದು. ಒಂದಾನೊಂದು ಕಾಲದಲ್ಲಿ ಎಂದು ಶುರುವಾಗುವ ಕಥೆ ಇದಲ್ಲ, ಇಂಥ ಸೀಮೆಯಲ್ಲಿ, ಇಂಥವನ ಆಡಳಿತದಲ್ಲಿ ನಡೆದದ್ದು ಎಂಬುದೇ ನಂಬಿಕೆಯ ಒಂದು ಭಾಗ. 1961ರಲ್ಲಿ ಸಮುದ್ರತೀರದ ಕೈಸರೈಯದ ಹಾಳು ರಂಗಮಂದಿರದಲ್ಲಿ ಅವನ ಹೆಸರು ಕೆತ್ತಿದ ಒಂದು ಕಲ್ಲೂ ಸಿಕ್ಕಿತು. ಮುಂದೆ ಯಾರೋ ಅದನ್ನು ಮೆಟ್ಟಿಲಿನ ಕಲ್ಲಾಗಿ ಬಳಸಿದ್ದರು. ಶಾಸನಗಳನ್ನು ಹೊಲದ ಗೋಡೆಗೆ ಕಟ್ಟಿಕೊಂಡಿರುವುದನ್ನು ಕಂಡ ನಮ್ಮ ಸೀಮೆಯವರಿಗೆ ಇದು ಆಶ್ಚರ್ಯವೇನಲ್ಲ.

ಸಹವಾಸದ ಸಹೋದರರಿಗೆ ಒಂದು ಮಾತು. ಮತ್ತಾಯನ 6ನೇ ಅಧ್ಯಾಯದಲ್ಲಿ ನೀವು ಹೇಳಿದ ಎಚ್ಚರಿಕೆಯ ಬೆನ್ನಿಗೇ, ಎರಡು ವಚನಗಳ ಅಂತರದಲ್ಲಿ, ಯೇಸು ಶಿಷ್ಯರಿಗೆ ಸಿದ್ಧಪಡಿಸಿದ ಮಾತುಗಳುಳ್ಳ ಪ್ರಾರ್ಥನೆಯನ್ನೇ ಕೊಡುತ್ತಾನೆ. ಸೆರೆಯಾಗುವ ರಾತ್ರಿ ಗೆತ್ಸೇಮನೆ ಎಂಬ ತೋಟದಲ್ಲಿ ಆತನೇ ಮೊದಲಿನ ಮಾತುಗಳನ್ನೇ ಹೇಳಿ ಮತ್ತೆ ಪ್ರಾರ್ಥಿಸಿದನೆಂದು ಮಾರ್ಕನು ಬರೆದಿದ್ದಾನೆ. ಶಿಲುಬೆಯ ಮೇಲೆ ಆತನ ಬಾಯಿಗೆ ಬಂದದ್ದು 22ನೇ ಕೀರ್ತನೆಯ ಮೊದಲ ಸಾಲು ಮತ್ತು 31ನೇ ಕೀರ್ತನೆಯ ಒಂದು ಮಾತು. ಬಾಲ್ಯದಿಂದ ಕೇಳಿ ಕಲಿತ ಪ್ರಾರ್ಥನೆಗಳು. ಹಾಗೆಂದು ನಿಮ್ಮ ಭಯ ಸುಳ್ಳಲ್ಲ. ಬಾಯಿಪಾಠ ಹೃದಯವನ್ನು ತಪ್ಪಿಸಿಕೊಳ್ಳುವ ದಾರಿಯೂ ಆಗಬಲ್ಲದು. ನಾನು ಅದರಲ್ಲಿ ನಿಮಗಿಂತ ಹೆಚ್ಚು ಪಳಗಿದ್ದೇನೆ.

ಇನ್ನು ಮಂಡಿಯ ಅಣ್ಣನವರ ಮಗ ಕೇಳಿದ ಯಂತ್ರದ ಮಾತು. 4ನೇ ಶತಮಾನದಲ್ಲಿ ಯೆರೂಸಲೇಮಿನ ಬಿಷಪ್ ಸಿರಿಲ್ ದೀಕ್ಷಾಸ್ನಾನಕ್ಕೆ ಸಿದ್ಧರಾಗುವವರಿಗೆ ಪ್ರಮಾಣವನ್ನು ಕೊಡುವಾಗ, ಇದನ್ನು ಕಾಗದದ ಮೇಲೆ ಬರೆದುಕೊಳ್ಳಬೇಡಿ, ನೆನಪಿನಲ್ಲಿ ಕೆತ್ತಿಕೊಳ್ಳಿ ಎಂದು ಹೇಳುತ್ತಾನೆ. ಉತ್ತರ ಆಫ್ರಿಕದ ಬಿಷಪ್ ಆಗಸ್ಟೀನನೂ ಅದನ್ನೇ ಹೇಳಿ, ಮಲಗುವಾಗಲೂ ಏಳುವಾಗಲೂ ಅದನ್ನು ಹೇಳಿಕೊಳ್ಳಿ, ಅದು ನಿಮಗೆ ಕನ್ನಡಿಯಾಗಿರಲಿ, ಹೇಳುವುದನ್ನೆಲ್ಲ ನಿಜವಾಗಿ ನಂಬಿದ್ದೀರೋ ಎಂದು ಅದರಲ್ಲಿ ನೋಡಿಕೊಳ್ಳಿ ಎನ್ನುತ್ತಾನೆ. ಹಾಗೆ ನೋಡಿದರೆ ನೀವು ಆ ಭಾನುವಾರ ಮಾಡಿದ್ದು ಅದನ್ನೇ. ಕನ್ನಡಿಯಲ್ಲಿ ಮುಖ ಕಂಡಿತು, ನಿಂತಿರಿ.

ಮನೆಪ್ರಾರ್ಥನೆ ನಿಂತಿದೆ ಎಂದಿರಿ. ದೊಡ್ಡದಾಗಿ ಮತ್ತೆ ಆರಂಭಿಸಬೇಡಿ. ಪಾಠ, ಗೀತೆ, ವಿಜ್ಞಾಪನೆ ಎಲ್ಲವನ್ನೂ ಒಂದೇ ದಿನಕ್ಕೆ ಹೊರಿಸಿದರೆ ಮೂರನೇ ದಿನಕ್ಕೆ ಮತ್ತೆ ನಿಲ್ಲುತ್ತದೆ. 1529ರ ಚಿಕ್ಕ ಪ್ರಶ್ನೋತ್ತರ ಪುಸ್ತಕದಲ್ಲಿ ಜರ್ಮನಿಯ ಸಭಾ ಸುಧಾರಕ ಲೂಥರ್ ಮನೆಯವರಿಗೆ ಹೇಳಿದ್ದು ಬಹಳ ಕಡಿಮೆ: ಬೆಳಿಗ್ಗೆ ಎದ್ದಾಗ ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ, ಬೇಕಿದ್ದರೆ ಒಂದು ಪುಟ್ಟ ಪ್ರಾರ್ಥನೆ, ಆಮೇಲೆ ಸಂತೋಷದಿಂದ ಕೆಲಸಕ್ಕೆ ಹೋಗುವುದು, ರಾತ್ರಿ ಅದನ್ನೇ ಹೇಳಿ ನಿಶ್ಚಿಂತೆಯಿಂದ ಮಲಗುವುದು. ಎರಡೂ ಸೇರಿ ಮೂರು ನಿಮಿಷವಾಗುವುದಿಲ್ಲ.

ಪ್ರಶ್ನೆ ಕೇಳಿದವರಿಂದ: ಮಂಡಿ ಗುಮಾಸ್ತ, ದಾವಣಗೆರೆ

ಎಲ್ಲರ ಉತ್ತರಗಳನ್ನೂ ಎರಡೆರಡು ಸಲ ಓದಿದೆ. ಆ ಮಣಿಕಟ್ಟಿನ ಮಾತನ್ನು ಮಾತ್ರ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ತಮ್ಮನ ಕಡೆಯ ವಾರ ಅವನ ಕೈಗೆ ಸೂಜಿ ಹಾಕಿದ್ದರಿಂದ ನಾವೂ ಮಣಿಕಟ್ಟನ್ನೇ ಹಿಡಿದುಕೊಂಡು ಕೂರುತ್ತಿದ್ದೆವು.

ಸಹವಾಸದ ಸಹೋದರರೇ, ನಿಮ್ಮ ಉತ್ತರವನ್ನು ಮಗನಿಗೆ ಓದಿ ಹೇಳಿದೆ. "ಇವರು ನನ್ನ ಪರ" ಎಂದು ನಕ್ಕ. ಹರಿಹರದ ತಂಗಿಯವರ ಕಥೆಗೆ ನನ್ನ ಹೆಂಡತಿ ನಕ್ಕಳು. ನಮ್ಮ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

ಒಂದು ವಿಷಯ ವಿಚಾರಿಸಿ ತಿಳಿದುಕೊಂಡೆ. ಆ ದಿನ ನಾನು ನಿಂತಾಗ ಹಿಂದಿನಿಂದ ದನಿಯೇರಿಸಿದವರು ನಮ್ಮ ಸಭೆಯ ಒಬ್ಬ ಹಿರಿಯಮ್ಮ. ಅವರಿಗೆ ಓದು ಬರುವುದಿಲ್ಲ. ಈಗ ಕಣ್ಣೂ ಅಷ್ಟಾಗಿ ಕಾಣುವುದಿಲ್ಲ. ಮೊನ್ನೆ ಸಂಜೆ ಅವರ ಮನೆಗೆ ಹೋಗಿ ಕೇಳಿದ್ದಕ್ಕೆ, "ನೀನು ತಮ್ಮನ್ನ ಕಳಕೊಂಡು ನಿಂತಿದ್ದೆ, ನಿನ್ನ ದನಿ ಬರಲಿಲ್ಲ, ಅದಕ್ಕೆ ನಾನು ಹೇಳಿದೆ ಕಣಪ್ಪ" ಎಂದರು. ಅವರು ಹಾಗೆ ಹೇಳುವವರೆಗೆ ನಾನು ಅದನ್ನು ಸಭೆ ನನ್ನನ್ನು ಬಿಟ್ಟು ಮುಂದೆ ಹೋದದ್ದೆಂದೇ ತಿಳಿದಿದ್ದೆ.

ನಿನ್ನೆ ರಾತ್ರಿ ಊಟವಾದ ಮೇಲೆ ಮೇಷ್ಟ್ರು ಹೇಳಿದಷ್ಟನ್ನೇ ಮಾಡಿದೆವು, ಮೂರು ನಿಮಿಷ. ಮಗ ವಿಶ್ವಾಸಪ್ರಮಾಣ ಹೇಳಲಿಲ್ಲ, ಎದ್ದೂ ಹೋಗಲಿಲ್ಲ. ಕರ್ತನ ಪ್ರಾರ್ಥನೆಗೆ ದನಿ ಸೇರಿಸಿದ. ಮುಗಿದ ಮೇಲೆ ಮೊಬೈಲಿನಲ್ಲಿ ಏನನ್ನೋ ಹುಡುಕಿ, "ಇಲ್ಲಿದೆ ನೋಡಿ ಆ ಕಲ್ಲು" ಎಂದು ಪಿಲಾತನ ಶಾಸನದ ಚಿತ್ರವನ್ನು ದೊಡ್ಡದು ಮಾಡಿ ತೋರಿಸಿದ. ಅರ್ಧ ಅಕ್ಷರಗಳು ಒಡೆದುಹೋಗಿವೆ.